ತಪ್ಪು ದಿಕ್ಕಿನ ಆಂಟೆನಾ

“ಆಂಟೆನಾ ಆ ಕಡೆ ತಿರುಗಿದ್ರೆ ಟಿವೀಲಿ ಬರೀ ಚುಕ್ಕಿ ಬರ್ತದೆ ಮಾರಾಯ್ರೆ. ಗುಡ್ಡದ ಕಡೆ ತಿರುಗಿಸಿ.”

ಬ್ರಷ್ ಹಿಡಿದೇ ತಿರುಗಿ ನೋಡಿದೆ. ಗ್ಯಾರೇಜಿನ ಹಮೀದ್ ಸಾಬ್ರು. ನಾನು ವ್ಯಂಗ್ಯಚಿತ್ರಕಾರ. ಊರಿನವರೇ ಸೇರಿ ಸುಣ್ಣ ಬಳಿದ ಜಾವಳಿಯ ಬಸ್‌ಸ್ಟಾಪಿನ ಗೋಡೆಯ ಮೇಲೆ ನನ್ನ ಬಾಲ್ಯದ ಭಾನುವಾರವನ್ನು ಬರೆಯುತ್ತಿದ್ದೆ: ಒಂದೇ ಟಿವಿಯ ಮುಂದೆ ಇಡೀ ಊರು, ಹೆಂಚಿನ ಮೇಲೆ ಆಂಟೆನಾ ತಿರುಗಿಸುವವನೊಬ್ಬ.

“ನಿಮಗೆ ಹೇಗೆ ಗೊತ್ತು?” ಎಂದೆ.

“ಆ ಹೆಂಚಿನ ಮೇಲಿದ್ದವ ನಾನೇ ಅಲ್ವಾ. ಕೆಳಗಿಂದ ‘ಬಂತು, ಬಂತು’ ಅಂತ ಕೂಗೋರು. ನಾನು ಇಳಿಯೋಷ್ಟರಲ್ಲಿ ‘ಹೋಯ್ತು’ ಅನ್ನೋರು. ಊರೆಲ್ಲ ನೋಡ್ತಿದ್ದ ಆ ಭಾನುವಾರದ ಸೀರಿಯಲ್ಲು ನಾನು ಒಂದು ವಾರವೂ ನೋಡ್ಲಿಲ್ಲ.”

ಹಾಗೆ ಕೂಗುತ್ತಿದ್ದವರಲ್ಲಿ ನಾನೂ ಒಬ್ಬ. ಮೇಲೆ ಯಾರಿದ್ದಾರೆಂದು ಒಮ್ಮೆಯೂ ನೋಡಿರಲಿಲ್ಲ.

ಚಿತ್ರದಲ್ಲಿ ಆಂಟೆನಾವನ್ನು ಗುಡ್ಡದ ಕಡೆ ತಿರುಗಿಸಿದೆ. ಸಾಬ್ರನ್ನು ಹೆಂಚಿನಿಂದ ಇಳಿಸಿ, ಟಿವಿಯ ಎದುರು ಮೊದಲ ಸಾಲಿನಲ್ಲಿ ಕೂರಿಸಿದೆ. ಮರುದಿನ ಅವರು ಬಂದು ಬಹಳ ಹೊತ್ತು ನೋಡಿದರು.

“ಚೆನ್ನಾಗಿದೆ. ಆದ್ರೆ ನಾನು ಇಲ್ಲಿ ಕೂತ್ರೆ ಮೇಲೆ ಯಾರು?”

ನ್ಯಾಯವಾದ ಪ್ರಶ್ನೆ. ಈಗ ಅಲ್ಲಿ ಬಸ್ಸಿಗೆ ಕಾಯುವವರು ಗಮನಿಸಿದರೆ, ಹೆಂಚಿನ ಮೇಲೆ ಕನ್ನಡಕದವನೊಬ್ಬ ಆಂಟೆನಾ ಹಿಡಿದು ನಿಂತಿರುವುದು ಕಾಣುತ್ತದೆ. ಅದು ನಾನು. ಅಲ್ಲಿಂದ ಟಿವಿ ಕಾಣುವುದಿಲ್ಲ.