ಚುಕ್ಕಿಗೆರೆಯ ಚಿಕ್ಕಪ್ಪ

ಆ ಬೀದಿಯಲ್ಲಿ ಅವನನ್ನು ಟೈಲರ್ ಅನ್ನುವವರಿಗಿಂತ ಕೆಂಡ ಅನ್ನುವವರೇ ಹೆಚ್ಚು. ಇಸ್ತ್ರಿಪೆಟ್ಟಿಗೆಯ ಕೆಂಡಕ್ಕಾದರೂ ಮುಚ್ಚಳವಿದೆ, ಇವನ ಬಾಯಿಗೆ ಅದೂ ಇಲ್ಲ ಎಂದು ಎದುರಿನ ಗುಂಡಿ-ದಾರದ ಅಂಗಡಿಯವನ ತಮಾಷೆ. ತೋಳು ಒಂದು ಬೆರಳು ಗಿಡ್ಡವಾಯಿತು ಎಂದ ಗಿರಾಕಿಗೆ, ಅಂಗಿ ಸರಿಯಾಗೇ ಇದೆ, ನಿನ್ನ ಕೈಯೇ ಉದ್ದ ಎಂದು ಬೈದು ಅಟ್ಟುವನು. ಸಂಜೆಯೊಳಗೆ ಅದೇ ತೋಳು ಬಿಚ್ಚಿ, ಸರಿ ಮಾಡಿ, ತಾನೇ ಮನೆಗೆ ಹೋಗಿ ಕೊಟ್ಟು ಬರುವನು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಮೆಷಿನ್ನಿನ ಪಕ್ಕ ಗುಂಡಿ ಹಚ್ಚಲು ಕೂತಿದ್ದ. ಅಪ್ಪ ತೀರಿಹೋದ ಮೇಲೆ ಮೆಷಿನ್ನಿನ ಮುಂದೆ ಸರಿದು ಕೂತ. ಈಗ ಐವತ್ತೆರಡು.

ಸಿಟ್ಟು ಮೂಗಿನ ತುದಿಯಲ್ಲಿತ್ತು, ಅದು ಎಲ್ಲರಿಗೂ ಕಾಣುತ್ತಿತ್ತು. ಹೊಟ್ಟೆಯಲ್ಲಿದ್ದ ಕಿಚ್ಚು ಹೆಂಡತಿಗೆ ಮಾತ್ರ ಗೊತ್ತು. ಆ ಕಿಚ್ಚಿನ ಕಾರಣ ದೊಡ್ಡಪ್ಪನ ಮಗ.

ದೊಡ್ಡಪ್ಪನ ಮಗ ಇವನಿಗಿಂತ ಎಂಟು ವರ್ಷ ದೊಡ್ಡವನು, ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಬಳಗಕ್ಕೆಲ್ಲ ಅವನು ಗುಮಾಸ್ತಣ್ಣ. ಮೆತ್ತನೆ ಮಾತು, ಜೇಬಲ್ಲಿ ಎರಡು ಪೆನ್ನು, ಯಾರಿಗೂ ಕೆಟ್ಟವನಲ್ಲ. ಕೆಂಡನಿಗೆ ಅದೇ ಸಂಕಟ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಚಿಕ್ಕಂದಿನಲ್ಲಿ ಗುಮಾಸ್ತಣ್ಣನಿಗೆ ಗಿಡ್ಡವಾದ ಅಂಗಿಗಳು ಇವನ ಮೈಗೆ ಬರುತ್ತಿದ್ದವು, ಅದೂ ಇವನ ಅಪ್ಪನೇ ಬಿಚ್ಚಿ ಹೊಲಿದು. ಮನೆಯಲ್ಲಿ ಎರಡು ಮೆಷಿನ್ನು, ಮುನ್ನೂರು ಜನರ ಬಟ್ಟೆ, ಮಗನ ಮೈಮೇಲೆ ಮಾತ್ರ ಅಣ್ಣನ ಮಗನ ಅಂಗಿ. ಅದನ್ನು ಕೆಂಡ ಮರೆತಿರಲಿಲ್ಲ.

ನಿವೃತ್ತನಾದ ಗುಮಾಸ್ತಣ್ಣನಿಗೆ ವಂಶವೃಕ್ಷದ ಹುಚ್ಚು ಹಿಡಿಯಿತು. ಮುದುಕ ಮುದುಕಿಯರನ್ನೆಲ್ಲ ಹುಡುಕಿಕೊಂಡು ಹೋಗಿ, ಯಾರ ಅಪ್ಪ ಯಾರು, ಯಾವ ಊರಿಂದ ಬಂದರು ಎಂದು ನೋಟುಪುಸ್ತಕ ತುಂಬಿಸಿದ. ಜೀವಮಾನದಲ್ಲಿ ಒಂದು ಮಾತು ಹೊರಗೆ ಬಿಡದವರೂ ಅವನೆದುರು ಗಂಟು ಬಿಚ್ಚಿದರು. ಕೊನೆಗೆ ಅತ್ತೆಯೂ ಬಿಚ್ಚಿದಳು. ಅತ್ತೆ ಎಂದರೆ ಇವರಿಬ್ಬರ ಅಪ್ಪಂದಿರ ಕಿರಿಯ ತಂಗಿ. ಎಂಬತ್ತು ದಾಟಿದೆ, ಕಿವಿ ಮಂದ. ತನ್ನ ಟ್ರಂಕಿನ ತಳದಿಂದ ಹತ್ತೊಂಬತ್ತು ಕಾಗದ ತೆಗೆದು ಗುಮಾಸ್ತಣ್ಣನ ಕೈಗಿಟ್ಟಳು. ತಾತ ಮೂರು ವರ್ಷ ದೂರದ ಬಂದರಿನಲ್ಲಿ ಹಡಗಿನ ಹಾಯಿ ಹೊಲಿಯುತ್ತಿದ್ದಾಗ ಅಜ್ಜಿಗೆ ಬರೆಸಿದ ಕಾಗದಗಳು. ತಾತನಿಗೆ ಸೂಜಿ ಹಿಡಿಯಲು ಬರುತ್ತಿತ್ತೇ ಹೊರತು ಸೀಸದ ಕಡ್ಡಿಯಲ್ಲ.

ಸುದ್ದಿ ಕೇಳಿ ಕೆಂಡನ ಹೊಟ್ಟೆಗೆ ಬೆಂಕಿ ಬಿತ್ತು. ಮೂವತ್ತು ವರ್ಷ ಅತ್ತೆಯ ಬಟ್ಟೆ, ದಿಂಬಿನ ಚೀಲ, ಕಿಟಕಿ ಪರದೆ ಹೊಲಿದು ಕೊಟ್ಟವನು ತಾನು. ಕಾಗದ ಇದೆಯೆಂದು ತನಗೆ ಒಂದು ದಿನವಾದರೂ ಅಂದಳೇ ಎಂದು ಮೆಷಿನ್ ತುಳಿದ ರಭಸಕ್ಕೆ ಸೂಜಿ ಮುರಿಯಿತು.

"ನೀವು ಒಂದಿನ ಕೇಳಿದ್ರಾ?" ಎಂದಳು ಹೆಂಡತಿ.

"ಕೇಳಿದ್ರೆ ನಂಗೆ ಕೊಡೋದಕ್ಕೆ ನಾನೇನು ಜೇಬಲ್ಲಿ ಪೆನ್ನು ಇಟ್ಕೊಂಡವನಾ?"

ಗುಮಾಸ್ತಣ್ಣ ಎರಡು ಸಲ ಬಂದು, ಕಾಗದ ನೋಡು ಬಾ ಎಂದು ಕರೆದ. ಕೆಂಡ ತಲೆ ಎತ್ತಲಿಲ್ಲ, ಕಾಲರ್ ಕೆಲಸ ಇದೆ ಎಂದ. ಎರಡನೇ ಸಲ ಕಾಲರ್ ಕೆಲಸ ಇರಲೂ ಇಲ್ಲ.

ಮೂರನೇ ತಿಂಗಳು ಅತ್ತೆಯ ಮನೆಯ ನಡುಕೋಣೆಯಲ್ಲಿ ವಂಶವೃಕ್ಷ ಗೋಡೆಗೇರಿತು. ಬಳಗವೆಲ್ಲ ಸೇರಿತ್ತು. ಹೆಂಡತಿ ಎಳೆದುಕೊಂಡು ಹೋದದ್ದಕ್ಕೆ ಕೆಂಡನೂ ಹೋದ. ಮಂಚದಗಲದ ಹಾಳೆ, ಮುತ್ತು ಪೋಣಿಸಿದಂಥ ಅಕ್ಷರ. ಎಲ್ಲರೂ ಬೆರಳಿಟ್ಟು ತಮ್ಮ ತಮ್ಮ ಹೆಸರು ಹುಡುಕುತ್ತಿದ್ದರು. ಕೆಂಡ ತನ್ನ ಅಪ್ಪನನ್ನು ಹುಡುಕಿದ. ತಾತನಿಂದ ದೊಡ್ಡಪ್ಪನಿಗೆ ದಪ್ಪ ಗೆರೆ, ಅತ್ತೆಗೆ ದಪ್ಪ ಗೆರೆ. ಅಪ್ಪನಿಗೆ ಬರೀ ಚುಕ್ಕಿ ಚುಕ್ಕಿ.

"ಇದೇನಿದು?"

ಗುಮಾಸ್ತಣ್ಣ ಕನ್ನಡಕ ತೆಗೆದು ಒರೆಸಿದ. ಮೊದಲೇ ಹೇಳೋಣವೆಂದು ಎರಡು ಸಲ ಅಂಗಡಿಗೆ ಬಂದಿದ್ದೆ ಎಂದು ಶುರುಮಾಡಿ, ಮೆತ್ತಗೆ ಲೆಕ್ಕ ಒಪ್ಪಿಸಿದ. ಹತ್ತೊಂಬತ್ತು ಕಾಗದಗಳಲ್ಲಿ 'ದೊಡ್ಡವನು' ಮೂವತ್ತೊಂದು ಸಲ ಬರುತ್ತಾನೆ. ತೊಟ್ಟಿಲ ಕೂಸಾಗಿದ್ದ ಅತ್ತೆ ಹದಿನಾಲ್ಕು ಸಲ. ಇನ್ನೊಬ್ಬ ಮಗನ ಸುದ್ದಿ ಒಂದೇ ಒಂದು ಸಲವೂ ಇಲ್ಲ. ಸಾಲದ್ದಕ್ಕೆ ಅತ್ತೆಯ ನೆನಪು ಬೇರೆ.

ಅತ್ತೆ ಮಂಚದ ಮೇಲಿಂದಲೇ ಹೇಳಿದಳು. "ನಂಗೆ ಆಗ ನಾಲ್ಕು ವರ್ಷ. ಅಪ್ಪ ಬಂದ್ರು, ಜೊತೆಗೊಬ್ಬ ಹುಡುಗ. ಇವನೂ ನಿನ್ನಣ್ಣ ಅಂದ್ಲು ಅವ್ವ. ಹೊಟ್ಟೇಲಿ ಹುಟ್ಟಿದ್ದೋ ಹಡಗಲ್ಲಿ ಬಂದಿದ್ದೋ ನಾನ್ಯಾಕೆ ಕೇಳ್ಲಿ? ಅಣ್ಣ ಅಂದ್ಮೇಲೆ ಅಣ್ಣ."

"ತಪ್ಪು ತಿಳೀಬೇಡ ಕಣೋ," ಎಂದ ಗುಮಾಸ್ತಣ್ಣ. "ಸಾಕಿದ್ರೂ ಮಗನೇ. ಚಿಕ್ಕಪ್ಪ ನಮಗ್ಯಾವತ್ತೂ ಚಿಕ್ಕಪ್ಪನೇ."

ಆ ಕರುಣೆ ಕೆಂಡನಿಗೆ ಕಾದ ಇಸ್ತ್ರಿ ಇಟ್ಟ ಹಾಗಾಯಿತು. ಅಂಗಿ ಇವರ ಮನೆಯದು, ಓದು ಇವರ ಮನೆಗೆ, ಕಾಗದ ಇವರಿಗೆ. ಈಗ ತಾತನೂ ಇವರೊಬ್ಬರಿಗೇ. ಮೇಜಿನ ಮೇಲಿದ್ದ ಕಾಗದದ ಕಟ್ಟನ್ನು ಬಾಚಿಕೊಂಡ. ಹರಿದುಹಾಕುತ್ತಾನೆಂದೇ ಎಲ್ಲರೂ ತಿಳಿದರು. ಅವನೂ ಹಾಗೇ ತಿಳಿದಿದ್ದ.

ಮೇಲಿನ ಕಾಗದದಲ್ಲಿ ದೊಡ್ಡವನಿಗೆ ಅಂಗಿ ಹೊಲಿದು ಕಳಿಸುವ ಮಾತಿತ್ತು. ಎದೆ ಇಪ್ಪತ್ತಾರೂವರೆ ಇಟ್ಟುಕೊಳ್ಳುತ್ತೇನೆ, ಬೆಳೆಯುವ ಮೈ, ಸಾಲದಿದ್ದರೆ ತಿಳಿಸು ಎಂದು. ಕೆಂಡನ ಕಣ್ಣು ಅಳತೆಯ ಮೇಲೆ ನಿಂತಿತು. ಇಪ್ಪತ್ತಾರು, ಅದರ ಕಾಲಡಿ ಬಾಲವಿರುವ ಒಂದು ಚುಕ್ಕಿ. ಅರ್ಧ ಅಂಗುಲಕ್ಕೆ ಆ ಗುರುತು ಹಾಕುವ ಟೈಲರ್ ಲೋಕದಲ್ಲಿ ಒಬ್ಬನೇ ಇದ್ದ. ಅವನಿಂದ ಕಲಿತು ಕೆಂಡನೂ ಹಾಗೇ ಹಾಕುತ್ತಿದ್ದ. ಗೊದಮೊಟ್ಟೆ ಬರೆದಿದ್ದಾನೆ ಎಂದು ಬೇರೆ ಟೈಲರುಗಳು ನಗುತ್ತಿದ್ದರು.

"ಅಂಗಡೀಗೆ ಹೋಗು," ಎಂದ ಹೆಂಡತಿಗೆ. "ಅಪ್ಪನ ಅಳತೆ ಪುಸ್ತಕ ತಗೊಂಡ್ ಬಾ. ರಟ್ಟು ಹೋಗಿರೋದು."

ಅವಳು ಬರುವವರೆಗೆ ಅವನು ಕಟ್ಟು ಕೆಳಗಿಡಲಿಲ್ಲ. ಪುಸ್ತಕ ಬಂತು. ಕಾಗದವನ್ನು ಅದರ ಪಕ್ಕಕ್ಕಿಟ್ಟ. ಅದೇ ಬಾಲದ ಚುಕ್ಕಿ, ಎಡಕ್ಕೆ ವಾಲುವ ಅದೇ ಅಕ್ಷರ. ಒಂದು ಎಳೆಯ ಕೈಯದು, ಒಂದು ಬಲಿತ ಕೈಯದು. ಗುಮಾಸ್ತಣ್ಣ ಕನ್ನಡಕ ಏರಿಸಿ ಒಂದೊಂದೇ ಕಾಗದ ನೋಡುತ್ತ ಹೋದ. ಬಂದರು ಮುಟ್ಟಿದ ದಿನವೇ ಬರೆಸಿದ ಮೊದಲ ಕಾಗದದಿಂದಲೂ ಅದೇ ಕೈ. ಬಂದರಿನಲ್ಲಿ ದುಡ್ಡಿಗೆ ಕಾಗದ ಬರೆಯುವವರು ಇರುತ್ತಾರಲ್ಲ, ಅವರ ಕೈಯೆಂದುಕೊಂಡಿದ್ದೆ ಎಂದ. ನಲವತ್ತು ವರ್ಷ ಫೈಲು ಓದಿದವನಿಗೆ, ಬರೆದವರು ಯಾರೆಂದು ಕೇಳಬೇಕೆಂದೇ ತೋಚಿರಲಿಲ್ಲ.

"ಬರೆಯೋನು ತನ್ನ ಸುದ್ದಿ ತಾನ್ಯಾಕೆ ಬರೀತಾನೆ?" ಎಂದಳು ಕೆಂಡನ ಹೆಂಡತಿ. "ಕಾಗದ ಬಂತು ಅಂದ್ರೆ ಬರೆದೋನು ಚೆನ್ನಾಗಿದಾನೆ ಅಂತ ತಾನೆ."

ಆಗ ಎಲ್ಲ ಕೂಡಿಕೊಂಡಿತು. ತಾತನಿಗೆ ಅಕ್ಷರ ಬಾರದು. ಮನೆ ನೋಡಿಕೊಳ್ಳಲು ದೊಡ್ಡವನನ್ನು ಬಿಟ್ಟು, ಎರಡಕ್ಷರ ಕಲಿತಿದ್ದ ಚಿಕ್ಕವನನ್ನು ಕಾಗದ ಬರೆಯಲು ಕರೆದೊಯ್ದಿದ್ದ. ಕೂಸಾಗಿದ್ದ ಅತ್ತೆ ಆ ಅಣ್ಣನನ್ನು ನೆನಪಿರುವಂತೆ ಕಂಡದ್ದು ಅವನು ಮರಳಿದ ಮೇಲೆ.

"ಎಳಿ ಗೆರೆ," ಎಂದ ಕೆಂಡ.

ಗುಮಾಸ್ತಣ್ಣ ಪೆನ್ನು ತೆಗೆದು ಚುಕ್ಕಿಗಳ ಮೇಲೆ ದಪ್ಪ ಗೆರೆ ಎಳೆದ, ತನ್ನದೇ ತಪ್ಪೆಂದು ಎಲ್ಲರೆದುರು ಒಪ್ಪಿಕೊಂಡ. ಬಳಗ ತಲೆದೂಗಿತು. ಎಂಥ ದೊಡ್ಡ ಮನಸ್ಸು ನೋಡಿ, ಎಷ್ಟು ಜನ ಹೀಗೆ ಒಪ್ಪಿಕೊಳ್ಳುತ್ತಾರೆ ಎಂದರು. ಗೆದ್ದವನು ಕೆಂಡ, ಹೊಗಳಿಕೆ ಗುಮಾಸ್ತಣ್ಣನಿಗೆ. ಕೆಂಡ ಹಲ್ಲು ಕಚ್ಚಿ ಕಾಗದದ ಕಟ್ಟನ್ನು ಮತ್ತೆ ಬಾಚಿಕೊಂಡು ಅಮುಕಿ ಹಿಡಿದ.

ಹಿಡಿದಾಗ ಬೆರಳಿಗೆ ಏನೋ ತಗುಲಿತು. ಬಟ್ಟೆಯ ಹಿಂಬದಿ ತಡವಿಯೇ ಹೊಲಿಗೆಯ ಗುಣ ಹೇಳುವ ಬೆರಳು ಅವು. ಕಾಗದದ ಬೆನ್ನು ನುಣ್ಣಗಿತ್ತು, ಆದರೆ ಅಲ್ಲಲ್ಲಿ ಉಬ್ಬು. ತಿರುಗಿಸಿ ನೋಡಿದ. ಎಲ್ಲೆಲ್ಲಿ 'ದೊಡ್ಡವನು' ಎಂದಿದೆಯೋ ಅಲ್ಲೆಲ್ಲ ಸೀಸದ ಕಡ್ಡಿ ಕಾಗದವನ್ನು ಒತ್ತಿತ್ತು. ಕೆಲವು ಕಡೆ ತೂತೇ ಬಿದ್ದಿತ್ತು. ಉಳಿದ ಮಾತುಗಳು ಹಗುರ, ತೇಲಿಸಿ ಬರೆದವು.

ಇನ್ನೊಬ್ಬರು ಇದನ್ನು ನೋಡಿ ಕಡ್ಡಿ ಮೊಂಡಾಗಿತ್ತು ಅನ್ನಬಹುದು. ಅದು ಯಾವ ಕಿಚ್ಚೆಂದು ಕೆಂಡನಿಗೆ ಹೇಳಿಕೊಡಬೇಕಾಗಿರಲಿಲ್ಲ. ತಾತನ ಪಕ್ಕದಲ್ಲೇ ಕೂತು, ತಾತ ದೊಡ್ಡವನ ಮೇಲೆ ಸುರಿಸುವ ಪ್ರೀತಿಯನ್ನು ಮೂವತ್ತೊಂದು ಸಲ ತನ್ನ ಕೈಯಾರೆ ಬರೆಯಬೇಕಾದ ಒಂಬತ್ತು ವರ್ಷದ ಹುಡುಗ. ಆ ಮಾತು ಬರೆಯದೆ ಬಿಟ್ಟುಬಿಡಬಹುದಿತ್ತು. ತಾತನಿಗೆ ಓದಲು ಬರುತ್ತಿರಲಿಲ್ಲ, ಯಾರಿಗೂ ತಿಳಿಯುತ್ತಿರಲಿಲ್ಲ. ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಅತ್ತೆ, ಒಂದು ಕಾಗದವನ್ನಾದರೂ ಗಟ್ಟಿಯಾಗಿ ಓದಿ ಎಂದಳು. ಎಲ್ಲರೂ ಗುಮಾಸ್ತಣ್ಣನತ್ತ ತಿರುಗಿದರು.

"ನಾನೇ ಓದ್ತೀನಿ," ಎಂದ ಕೆಂಡ.

ಮಂಚದ ಅಂಚಿನಲ್ಲಿ ಕೂತು, ಅಕ್ಷರ ಕೂಡಿಸಿ ಕೂಡಿಸಿ ಓದಿದ. ಕ್ಷೇಮ, ಹಾಯಿಯ ಕೆಲಸ, ಕೂಸಿನ ಕೆಮ್ಮು. ಆಮೇಲೆ ತೂತು ಬಿದ್ದ ಸಾಲು ಬಂತು. ನಿಂತ. ಆ ಸಾಲು ಹಾರಿಸಿದರೆ ಕೇಳುವವರಿಗೆ ತಿಳಿಯದು. ಗುಮಾಸ್ತಣ್ಣನಿಗೆ ತಿಳಿಯುತ್ತಿತ್ತು, ಆದರೆ ಅವನು ನೆಲ ನೋಡುತ್ತಿದ್ದ.

"ದೊಡ್ಡವನಂಥ ಮಗ ಇನ್ನೊಬ್ಬನಿಲ್ಲ ಎಂದು ಇಲ್ಲಿ ಎಲ್ಲರಿಗೂ ಹೇಳುತ್ತಿರುತ್ತೇನೆ," ಎಂದು ಓದಿದ ಕೆಂಡ.

"ಏನಂದ್ರು ಅಪ್ಪ? ಕೇಳಿಸ್ಲಿಲ್ಲ," ಎಂದಳು ಅತ್ತೆ.

ಕೆಂಡ ಒಮ್ಮೆ ಗುಮಾಸ್ತಣ್ಣನನ್ನು ದುರುಗುಟ್ಟಿ ನೋಡಿದ. ಆಮೇಲೆ ಅತ್ತೆಯ ಕಿವಿಯ ಹತ್ತಿರ ಬಗ್ಗಿ, ಬೀದಿಗೆಲ್ಲ ಕೇಳುವ ಹಾಗೆ, ಆ ಸಾಲನ್ನೇ ಇನ್ನೊಮ್ಮೆ ಓದಿದ.