ಕಾಂಪೌಂಡ್ ಗೋಡೆ ದಾಟದ ಇಂಗ್ಲಿಷ್ ಪೇಪರು

ಮಂಗಳೂರಿನ ಉರ್ವದಲ್ಲಿ ನಮ್ಮ ಪಕ್ಕದ ಮನೆ ಅಕ್ಕನದು. ಅವಳ ಗಂಡ, ಅಂದರೆ ಭಾವ, ನನ್ನ ಹಾಗೆಯೇ ಮೀನುಗಾರರ ಮನೆಯಲ್ಲಿ ಹುಟ್ಟಿದವರು. ನಾನು ಮೀನು ವ್ಯಾಪಾರ ಹಿಡಿದೆ, ಅವರು ಬ್ಯಾಂಕಿನ ಕುರ್ಚಿ ಹಿಡಿದರು. ಆ ಕುರ್ಚಿಯಿಂದ ಅವರಿಗೆ ಅಂಟಿದ ಕಾಯಿಲೆ ಇಂಗ್ಲಿಷ್ ಪೇಪರು.

ಅದರ ಚರಿತ್ರೆ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಬ್ರಿಟಿಷರ ಕಾಲದಲ್ಲಿ ಹುಟ್ಟಿದ್ದಂತೆ, ದೊರೆಗಳು ಚಹಾದ ಜೊತೆ ಓದುತ್ತಿದ್ದರಂತೆ, ಈಗ ದೇಶದ ಮೂಲೆಮೂಲೆಗೂ ಹೋಗುತ್ತದಂತೆ. ಹಿಂದೆ ಅದು ಘಾಟಿ ಇಳಿದು ಮಂಗಳೂರು ಸೇರುವಾಗ ಮರುದಿನವಾಗುತ್ತಿತ್ತು. ನಾನು ಹಳಸಿದ ಮೀನು ಮಾರಿದ್ದರೆ ಹೆಂಗಸರು ಮುಖಕ್ಕೆ ಎಸೆಯುತ್ತಿದ್ದರು. ಹಳಸಿದ ಸುದ್ದಿಗೆ ಭಾವ ಗೇಟಿನಲ್ಲಿ ನಿಂತು ಕಾಯುತ್ತಿದ್ದರು. ಈಗ ಇಲ್ಲೇ ಅಚ್ಚಾಗುತ್ತದೆ. ನಮ್ಮೂರಿಗೆಂದೇ ಒಂದು ಪುಟ, ಅದರ ತುಂಬ ರಿಬ್ಬನ್ ಕತ್ತರಿಸುವವರು.

ಭಾವ ಅದನ್ನು ಓದುವುದು ನಾನಂತೂ ಕಂಡಿಲ್ಲ. ಗೇಟಿನಿಂದ ಹೆಸರು ಕಾಣುವ ಹಾಗೆ ಕುರ್ಚಿಯಲ್ಲಿ ಮಡಚಿಟ್ಟು, ಪಕ್ಕದಲ್ಲಿ ಕೂತು ಫೋನಿನಲ್ಲಿ ತುಳು ಕಾಮಿಡಿ ನೋಡುತ್ತಾರೆ. ಪರೀಕ್ಷೆ ಮಾಡದೆ ಬಿಡುವ ಜಾತಿ ನನ್ನದಲ್ಲ. ಪೇಪರು ಹಾಕುವವನು ನಮ್ಮಿಬ್ಬರ ನಡುವಿನ ಕಾಂಪೌಂಡ್ ಗೋಡೆಯ ಮೇಲಿಟ್ಟು ಹೋದ ಕೂಡಲೇ ಹೊಸದನ್ನು ಎತ್ತಿ, ಮೀನು ಕಟ್ಟುವ ರದ್ದಿಯಿಂದ ಹಳೆಯದೊಂದನ್ನು ಇಡತೊಡಗಿದೆ. ಮಳೆ ಸುರಿಯುವಾಗ ಸೆಕೆಯ ಸುದ್ದಿ. ಭಾವನಿಗೆ ಏನೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಪೇಪರಿನ ಕಚೇರಿಯವರು ಹಳೆಯ ಚಂದಾದಾರರನ್ನು ಕಂಕನಾಡಿಯ ಹೋಟೆಲಿಗೆ ಕರೆದು ಶಾಲು ಹೊದಿಸಿದರು. ಮರುದಿನ ಫೋಟೊ ಬರುತ್ತದೆ ಎಂದರು. ಭಾವ ಫ್ರೇಮನ್ನು ಮೊದಲೇ ತಂದಿಟ್ಟರು. ಭಾವನ ಬೀಗರು, ಅಂದರೆ ಮಗಳ ಮಾವ, ಕುದ್ರೋಳಿಯ ದೊಡ್ಡ ವ್ಯಾಪಾರಿ, ಇವರನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಆ ಮನುಷ್ಯನ ಕಣ್ಣಿಗೆ ಫೋಟೊ ಬೀಳಬೇಕು, ಭಾವನಿಗೆ ಅದೊಂದೇ ಆಸೆ.

ಆ ಬೆಳಿಗ್ಗೆಯೂ ನಾನು ಪೇಪರು ಬದಲಿಸಿದೆ. ಭಾವ ಕನ್ನಡಕ ಹಾಕಿ ಪುಟಪುಟ ಹುಡುಕಿ, ಅಕ್ಕನ ಕೈಯಲ್ಲೂ ಹುಡುಕಿಸಿ, ಕೊನೆಗೆ ಗೋಡೆಯ ಹತ್ತಿರ ಬಂದರು.

"ಎಂತ ಮಾರಾಯ, ಇಷ್ಟು ವರ್ಷ ಪೇಪರ್ ಹಾಕಿಸಿದವನ ಮುಖಕ್ಕೆ ಎರಡು ಇಂಚು ಜಾಗ ಇಲ್ವಾ ಅವರಲ್ಲಿ?"

"ಸರಿ ನೋಡಿದ್ರಾ ಭಾವ?"

"ಕ್ರಿಕೆಟ್ ಪುಟವನ್ನೂ ಬಿಡ್ಲಿಲ್ಲ."

ತಾರೀಕು ಮಾತ್ರ ನೋಡಿರಲಿಲ್ಲ. ದೊಡ್ಡ ಪೇಪರಲ್ವಾ, ದೊಡ್ಡವರಿಗೆ ಮಾತ್ರ ಜಾಗ ಇರಬಹುದು ಎಂದು ಸಮಾಧಾನ ಹೇಳಿದೆ.

ನಿಜವಾದ ಪೇಪರನ್ನು ನಾನು ಉರ್ವ ಮಾರ್ಕೆಟಿನಲ್ಲಿ ಎಲ್ಲರಿಗೂ ತೋರಿಸಿದ್ದೆ. ಸಂಜೆ ಭಾವ ಬಂಗುಡೆ ಮೀನು ತರಲು ಅಲ್ಲಿಗೆ ಹೋದಾಗ ಮೀನಿನ ಹೆಂಗಸರು ಫೋಟೊ ಲಾಯ್ಕ ಬಂದಿದೆ ಎಂದು ಹೊಗಳಿದರು. ತಮಾಷೆ ಮಾಡುತ್ತಿದ್ದಾರೆಂದು ಭಾವ ಸಿಟ್ಟಾಗಿ ಖಾಲಿ ಚೀಲ ಹಿಡಿದು ಮರಳಿದರು. ಮರುದಿನವೇ ಪೇಪರು ನಿಲ್ಲಿಸಿದರು. ಪೇಪರಿನ ಏಜೆಂಟ್ ಉಡುಗೊರೆಯ ಬ್ಯಾಗು ಹಿಡಿದು ಬಂದು ಬೇಡಿಕೊಂಡರೂ ಕೇಳಲಿಲ್ಲ.

ಫ್ರೇಮು ಖಾಲಿ ಬಿದ್ದಿತ್ತು. ಅಕ್ಕನ ಹತ್ತಿರ ಕೇಳಿ ತಂದು, ಫೋಟೊ ಕತ್ತರಿಸಿ ಹಾಕಿದೆ. ಭಾನುವಾರ ಮಗಳ ಮಾವ ಊಟಕ್ಕೆ ಬಂದಾಗ ಅವರ ಎದುರಿಗೇ ಭಾವನ ಕೈಗಿಟ್ಟೆ. ಆ ವ್ಯಾಪಾರಿ ಎದ್ದು ಬಂದು, ಫ್ರೇಮನ್ನು ಬೆಳಕಿಗೆ ಹಿಡಿದು ನೋಡಿ, ಭಾವನ ಕೈ ಕುಲುಕಿದರು.

ಅವರು ಹೋದ ಮೇಲೆ ಭಾವ ಮೆಲ್ಲ ಕೇಳಿದರು: "ಇದು ಯಾವಾಗ ಬಂದದ್ದು?"

"ನೀವು ಪೇಪರ್ ನಿಲ್ಲಿಸಿದ ಮರುದಿನ, ಭಾವ."

ಭಾವ ತಲೆಯ ಮೇಲೆ ಕೈ ಹೊತ್ತು ಕೂತರು. ಮಾರ್ಕೆಟಿನ ಹೊಗಳಿಕೆ ಅವರಿಗೆ ನೆನಪಾಗಲಿಲ್ಲ. ಈಗ ಪೇಪರು ಮತ್ತೆ ಶುರುವಾಗಿದೆ. ದೇಶದ ಮೂಲೆಮೂಲೆಗೂ ತಲುಪುತ್ತದಂತೆ. ಇವತ್ತಿನದ್ದು ನನ್ನ ಹತ್ತಿರ ಉಂಟು.