ಮಲಕವ್ವನ ಪೀಕ್ ಅವರ್

ಸಂಜೆ ಹೊತ್ತು ಲಗ್ಗೆರೆಯಲ್ಲಿ ಮಿಕ್ಸಿ ತಿರುಗುವುದಿಲ್ಲ ಎಂಬುದು ಮಲಕವ್ವನಿಗೆ ಸಿಂದಗಿ ಕಡೆಯಿಂದ ಬಂದ ಮೊದಲ ವಾರದಲ್ಲೇ ಗೊತ್ತಾಗಿತ್ತು. ಗೊರ್ ಅನ್ನುತ್ತದೆ, ನರಳುತ್ತದೆ, ಸುಟ್ಟ ವಾಸನೆ ಬಿಟ್ಟು ಸುಮ್ಮನಾಗುತ್ತದೆ. ಅತ್ತ ಪೀಣ್ಯದ ಶೆಡ್ಡುಗಳಲ್ಲಿ ಎರಡನೇ ಶಿಫ್ಟು ಓಡುತ್ತಿರುತ್ತದೆ, ಇತ್ತ ಮನೆಮನೆಯಲ್ಲೂ ಟೀವಿ, ಇಸ್ತ್ರಿಪೆಟ್ಟಿಗೆ, ನೀರಿನ ಮೋಟಾರು ಒಟ್ಟಿಗೇ ಶುರುವಾಗುತ್ತವೆ. ವಠಾರದ ಕೊನೆಯ ಕೋಣೆಗೆ ಬಂದು ಮುಟ್ಟುವ ಕರೆಂಟು ಒಂದು ಬಲ್ಬು ಉರಿಸಿದರೆ ಅದೇ ಹೆಚ್ಚು. ಹಾಗಾಗಿ ಅವಳು ಶೇಂಗಾ ಚಟ್ನಿ, ಮಸಾಲೆ ಏನೇ ಅರೆಯುವುದಿದ್ದರೂ ಬೆಳಕು ಹರಿಯುವ ಮುಂಚೆಯೇ ಮುಗಿಸಿಬಿಡುತ್ತಿದ್ದಳು. ಇದನ್ನು ಯಾರೂ ಉಳಿತಾಯ ಎಂದು ಕರೆದಿರಲಿಲ್ಲ. ಗತಿಯಿಲ್ಲದೆ ಮಾಡಿದ್ದಕ್ಕೆ ಹೆಸರಿಡುವ ಉಸಾಬರಿ ಯಾರಿಗೆ ಬೇಕು?

ಹೆಸರು ಬಂದದ್ದು ಎರಡು ಸಾವಿರದ ಹದಿಮೂರರಲ್ಲಿ. ಎಲೆಕ್ಟ್ರಾನಿಕ್ ಸಿಟಿ ಕಡೆಯ ಯಾವುದೋ ಕಂಪನಿಯವರು ಅವಳಿದ್ದ ಬೀದಿಯನ್ನು ಎರಡು ತಿಂಗಳ ಒಂದು ಪ್ರಯೋಗಕ್ಕೆ ಆರಿಸಿಕೊಂಡರು. ಸಂಜೆ ಆರರಿಂದ ಹತ್ತರವರೆಗೆ ಪೀಕ್ ಅವರ್. ಆ ಹೊತ್ತಿನಲ್ಲಿ ಕರೆಂಟು ಕಡಿಮೆ ಬಳಸಿ, ಕೆಲಸವನ್ನು ಬೇರೆ ಹೊತ್ತಿಗೆ ಹಾಕಿಕೊಳ್ಳಿ, ಬಹುಮಾನ ಗೆಲ್ಲಿ ಎಂದು ಮನೆಮನೆಗೂ ಹೇಳಿಕೊಂಡು ಬಂದವನು ರೇವಣಸಿದ್ದ ಎಂಬ ಹುಡುಗ. ಕೊರಳಲ್ಲಿ ಕಂಪನಿಯ ಗುರುತಿನ ಪಟ್ಟಿ, ಕೈಯಲ್ಲಿ ಸ್ಕ್ರೂಡ್ರೈವರು. ಪ್ರತಿ ಮೀಟರಿನ ಪಕ್ಕ ಒಂದು ಪುಟ್ಟ ಡಬ್ಬಿ ಕೂರಿಸಿದ. ಸಂಜೆ ಬಳಕೆ ಹೆಚ್ಚಾದರೆ ಕೆಂಪು ದೀಪ, ಕಡಿಮೆಯಿದ್ದರೆ ಹಸಿರು. ಮಾತಿಗೆ ನಿಂತಾಗ ಅವನೂ ತಮ್ಮ ಪಕ್ಕದ ಇಂಡಿ ತಾಲ್ಲೂಕಿನವನೇ ಎಂದು ತಿಳಿದು ಮಲಕವ್ವನಿಗೆ ಜೀವ ಬಂದ ಹಾಗಾಯಿತು.

"ತಮ್ಮಾ, ಬಹುಮಾನ ಏನಪಾ?"

"ಓಣ್ಯಾಗ ಯಾರು ಭಾಳ ಉಳಸ್ತಾರ ಅವರಿಗೆ ವಾಷಿಂಗ್ ಮಷೀನ್ ಅಕ್ಕಾ. ಉಳಿದವರಿಗೆ ಸ್ಟೀಲ್ ಡಬ್ಬಿ."

ಸ್ಟೀಲ್ ಡಬ್ಬಿಯ ಮಾತು ಮಲಕವ್ವನ ಕಿವಿಗೆ ಬೀಳಲೇ ಇಲ್ಲ.

ಅವಳಿಗೆ ಮಷೀನು ಯಾಕೆ ಬೇಕಿತ್ತೆಂದು ತಿಳಿಯಲು ಅವಳ ಬಲಗೈ ಮುಂಗೈಯನ್ನು ನೋಡಬೇಕು. ಗಾರ್ಮೆಂಟ್ಸಿನಲ್ಲಿ ಅವಳದು ದಾರ ಕತ್ತರಿಸುವ ಕೆಲಸ. ಅಂಗಿಯಿಂದ ಅಂಗಿಗೆ, ಹೊತ್ತು ಮುಳುಗುವವರೆಗೆ ಆ ಪುಟ್ಟ ಕತ್ತರಿ ಬಾಯಿ ಮುಚ್ಚುವುದಿಲ್ಲ. ಮುಂಗೈ ಊದಿಕೊಂಡು, ಹೆಬ್ಬೆರಳಿನ ಬುಡದಲ್ಲಿ ಸದಾ ಉರಿ. ಮನೆಗೆ ಬಂದರೆ ಗಂಡ ಸಂಗಣ್ಣನ ಯೂನಿಫಾರ್ಮು. ಅವನು ಲೇತ್ ಮಷೀನಿನ ಮುಂದೆ ನಿಲ್ಲುವವನು; ಪ್ಯಾಂಟೆಂದರೆ ಎಣ್ಣೆ, ಕಬ್ಬಿಣದ ಪುಡಿ, ಮಿಕ್ಕಿದ್ದು ಬಟ್ಟೆ. ಇರುವುದು ಎರಡೇ ಜೊತೆ, ದಿನ ಬಿಟ್ಟು ದಿನ ಒಗೆಯಲೇಬೇಕು. ಆಸ್ಪತ್ರೆಗೆ ತೋರಿಸಿದಾಗ ಡಾಕ್ಟರು, "ಬಟ್ಟೆ ಹಿಂಡಬೇಡಿ ಅಮ್ಮ" ಎಂದರು. ಹೇಳುವುದಕ್ಕೇನು, ಅವರ ಬಟ್ಟೆಯನ್ನು ಇನ್ಯಾರೋ ಹಿಂಡುತ್ತಾರೆ!

ಹಾಗಾಗಿ ಅವಳು ಅಂದು ರಾತ್ರಿಯೇ ಮೂಲೆಯಲ್ಲಿದ್ದ ಜೋಳದ ಚೀಲವನ್ನು ಸರಿಸಿ ಮಷೀನಿಗೆ ಜಾಗ ಮಾಡಿದಳು.

"ಇಲ್ಲಿ ಅದನ್ನಿಟ್ರ ನಾವಿಬ್ರೂ ಹೊರಗ ಮಲಗಬೇಕಾಗ್ತದ" ಎಂದ ಸಂಗಣ್ಣ.

"ನೀ ಹೊರಗ ಮಲಗು. ನಾನೂ ಮಷೀನೂ ಒಳಗಿರ್ತೇವಿ."

ಅವಳ ಲೆಕ್ಕಾಚಾರದಲ್ಲಿ ಸಂಶಯಕ್ಕೆ ಎಡೆಯೇ ಇರಲಿಲ್ಲ. ಸಂಜೆ ಹೊತ್ತು ಬಳಸದೇ ಇರುವವಳಿಗಿಂತ ಹೆಚ್ಚು ಉಳಿಸುವವರು ಯಾರಿದ್ದಾರೆ? ಅವಳ ಡಬ್ಬಿಯಲ್ಲಿ ಮೊದಲ ದಿನದಿಂದಲೂ ಹಸಿರು. ಸಾಲದೆಂದು ಅವಳು ಇದ್ದ ಒಂದು ಬಲ್ಬನ್ನೂ ಆರಿಸಿ, ಬಾಗಿಲು ತೆರೆದಿಟ್ಟು, ಬೀದಿದೀಪದ ಬೆಳಕಿನಲ್ಲೇ ರೊಟ್ಟಿ ಬಡಿದಳು. ರೊಟ್ಟಿಯ ಕಪ್ಪು ಚುಕ್ಕೆ ಯಾವುದು, ಕತ್ತಲು ಯಾವುದು ಗೊತ್ತಾಗದೆ ಸಂಗಣ್ಣ ಸುಟ್ಟದ್ದನ್ನೇ ತಿಂದ.

ಮನೆ ಒಡತಿ ಅನುಸೂಯಮ್ಮನದು ಬೇರೆ ಪಾಡು. ಲಗ್ಗೆರೆ ಹಳ್ಳಿಯಾಗಿದ್ದಾಗ ಅವರ ಮನೆಯವರು ಇಲ್ಲೇ ರಾಗಿ ಬೆಳೆದವರು. ಈಗ ಹೊಲವೆಲ್ಲ ಬಾಡಿಗೆ ಕೋಣೆ. ಕೋಣೆಗಳ ಮೇಲೆ ಅವರ ಸ್ವಂತ ಮನೆ. ಅಲ್ಲಿ ಏಸಿ, ಗೀಸರು, ಹಾಲಿನಲ್ಲಿ ಒಂದು ಟೀವಿ, ಮಗ ಸೊಸೆಯ ಕೋಣೆಯಲ್ಲಿ ಇನ್ನೊಂದು. ಅವರ ಡಬ್ಬಿ ಸಂಜೆಯಾದರೆ ಕೆಂಪಗೆ ಕಣ್ಣು ಬಿಟ್ಟುಕೊಂಡು ಕೂರುತ್ತಿತ್ತು. ಗೀಸರನ್ನು ಬೆಳಿಗ್ಗೆಗೆ ಹಾಕಿಕೊಂಡರು, ಏಸಿಯನ್ನು ಹತ್ತರ ಮೇಲೆ ಹಾಕಿದರು. ಅಷ್ಟು ಅವರ ಸ್ವಂತ ಸಾಧನೆ, ಇಲ್ಲವೆನ್ನುವಂತಿಲ್ಲ. ಆದರೆ ವಾಷಿಂಗ್ ಮಷೀನು ಸಂಜೆಯಿಂದ ಕದಲಲಿಲ್ಲ. ಅದರ ಗುಂಡಿಗಳ ಮರ್ಮ ತಿಳಿದವಳು ಸೊಸೆ ದೀಪಶ್ರೀ ಒಬ್ಬಳೇ, ಅವಳು ಬೆಳಿಗ್ಗೆ ಬೇಗ ಹೊರಟರೆ ಆಫೀಸಿನಿಂದ ಬರುತ್ತಿದ್ದದ್ದು ಏಳಕ್ಕೆ, ಹತ್ತರ ಮೇಲೆ ಬಟ್ಟೆಗೆ ನಿಲ್ಲುವ ತ್ರಾಣ ಅವಳಿಗಿರಲಿಲ್ಲ. ಮಧ್ಯಾಹ್ನ ಮನೆಯಲ್ಲೇ ಇರುವ ಅತ್ತೆಗೆ ಕಲಿಸಿಕೊಡಲು ಅವಳು ನೋಡಿದಳು. ಅನುಸೂಯಮ್ಮ ಎರಡು ಹೆಜ್ಜೆ ಹಿಂದೆ ಸರಿದು, "ಅಯ್ಯೋ, ಆ ಬಟನ್ ನಾನ್ ಮುಟ್ಟಾಕಿಲ್ಲ ಕಣವ್ವ, ಸಾಕ್ ಗೀಕ್ ಒಡ್ದಾತು" ಎಂದರು. ಸೀರಿಯಲ್ಲು ನೋಡುತ್ತ ರಿಮೋಟಿನ ಗುಂಡಿಗಳನ್ನೆಲ್ಲ ಒತ್ತುವ ಬೆರಳಿಗೆ ಆ ಒಂದು ಗುಂಡಿ ಮಾತ್ರ ಹಾವಾಗಿತ್ತು.

ಒಂದು ಸಂಜೆ ಅವರು ಮಲಕವ್ವನ ಬಾಗಿಲಿಗೆ ಬಂದರು. ಕೈಯಲ್ಲಿ ಒಂದು ಟಬ್ಬು ತುಂಬ ಬಟ್ಟೆ.

"ಮಲಕವ್ವ, ಎಲ್ಡು ತಿಂಗ್ಳು ಮಾತ್ರ ಕಣವ್ವ. ಎಂಗಿದ್ರೂ ನಿನ್ ಬಟ್ಟೆ ಒಗೀತೀಯಲ್ಲ, ಜತೆಗೆ ನಮ್ಮವೂ ನಾಕು ಹಿಂಡಾಕ್ಬುಡು. ಟೆರೇಸ್ ಮೇಲೆ ತಂತಿ ಐತಲ್ಲ, ನಿನ್ ಬಟ್ಟೆನೂ ಅಲ್ಲೇ ಒಣಾಕ್ಕೊ."

ಟೆರೇಸಿನ ಬೀಗ ಬಾಡಿಗೆಯವರಿಗೆ ತೆರೆದದ್ದು ಆ ವಠಾರದ ಚರಿತ್ರೆಯಲ್ಲೇ ಅದು ಮೊದಲು. ಕೋಣೆಯೊಳಗೆ ಕಟ್ಟಿದ ಹಗ್ಗದಲ್ಲಿ ಬಟ್ಟೆ ಒಣಗಿಸಿ, ಮುಗ್ಗಲು ವಾಸನೆಯ ಸೀರೆ ಉಟ್ಟು ಕೆಲಸಕ್ಕೆ ಹೋಗುತ್ತಿದ್ದ ಮಲಕವ್ವನಿಗೆ ಬಿಸಿಲೆಂಬುದು ಸಣ್ಣ ಆಸೆಯಲ್ಲ. ಅದಿಲ್ಲದಿದ್ದರೂ, ಮನೆ ಒಡತಿ ಬಾಗಿಲಿಗೆ ಬಂದು ಕೇಳಿದರೆ ಇಲ್ಲವೆನ್ನಲು ಬಾಡಿಗೆಯವರ ನಾಲಿಗೆ ಏಳುವುದಿಲ್ಲ. ಹೂಂ ಅಂದಳು. ನಾಲ್ಕು ಬಟ್ಟೆ ಎಂದದ್ದರಲ್ಲಿ ಎರಡು ಜೀನ್ಸು ಪ್ಯಾಂಟು, ಡಬಲ್ ಕಾಟಿನ ಬೆಡ್‌ಶೀಟು, ಒದ್ದೆಯಾದರೆ ಎತ್ತಲೂ ಬಾರದ ಟರ್ಕಿ ಟವೆಲ್ಲುಗಳಿದ್ದವು.

ಸಂಗಣ್ಣ ರೇಗಿದ. "ನಿನಗ ಬುದ್ಧಿ ಎಲ್ಲಿ ಅದ? ಡಾಕ್ಟರ್ ಏನಂದಾನ?"

"ಎರಡು ತಿಂಗಳ ತಡೀ. ಆಮ್ಯಾಲ ನಮ್ಮ ಮಷೀನೇ ಬರ್ತದ. ಅಕ್ಕಾರು ಎಷ್ಟು ಬಂದ್ ಮಾಡಿದ್ರೂ ನನ್ನ ದಾಟಂಗಿಲ್ಲ. ನಂದು ಒಂದು ಬಲ್ಬ್, ಅದೂ ಬಂದ್."

ಹೀಗೆ ಎರಡು ತಿಂಗಳು. ಗಾರ್ಮೆಂಟ್ಸಿನಿಂದ ಬಂದವಳು ಸೀರೆ ಎತ್ತಿ ಕಟ್ಟಿ ಬಚ್ಚಲ ಕಲ್ಲಿನ ಮುಂದೆ ಕೂತರೆ ಮೇಲಿನ ಮನೆಯವರು ಊಟ ಮುಗಿಸುವ ಹೊತ್ತಿಗೆ ಏಳುತ್ತಿದ್ದಳು. ಮುಂಗೈಗೆ ಕಟ್ಟಿದ ಕ್ರೇಪ್ ಬ್ಯಾಂಡೇಜು ಸದಾ ಒದ್ದೆ. ಬೆಡ್‌ಶೀಟನ್ನು ಹಿಂಡಲಾರದೆ ನಲ್ಲಿಗೆ ಸುತ್ತಿ, ಎಡಗೈಯಿಂದ ತಿರುವುವುದನ್ನು ಕಲಿತಳು. ಅನುಸೂಯಮ್ಮನ ಡಬ್ಬಿಯಲ್ಲಿ ಹಸಿರು ಬಂದ ದಿನ ಅವಳಿಗೆ ಹೊಟ್ಟೆಕಿಚ್ಚಾಗಲಿಲ್ಲ. ಪಾಪ, ಸ್ಟೀಲ್ ಡಬ್ಬಿಯಾದರೂ ಸಿಗಲಿ ಅಂದುಕೊಂಡಳು.

ಬಹುಮಾನದ ಭಾನುವಾರ ಬೀದಿಯ ಕೊನೆಯಲ್ಲಿ ಶಾಮಿಯಾನ ಹಾಕಿದ್ದರು. ವೇದಿಕೆಯ ಮೇಲೆ ಬೆಳ್ಳನೆಯ ಮಷೀನು, ಅದಕ್ಕೊಂದು ಕೆಂಪು ರಿಬ್ಬನ್ನು. ಮಲಕವ್ವ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಮಷೀನನ್ನು ಮನೆಗೆ ಹೊರಲು ಸಂಗಣ್ಣ ಗೆಳೆಯರಿಬ್ಬರನ್ನು ಕರೆದುಕೊಂಡು ಬಂದಿದ್ದ. ಕಂಪನಿಯ ಸಾಹೇಬರು ಮೈಕು ಹಿಡಿದು ಹೆಸರು ಕೂಗಿದರು.

ಕೂಗಿದ್ದು ಅನುಸೂಯಮ್ಮನ ಹೆಸರು.

ಮಲಕವ್ವ ಎದ್ದು ಶಾಮಿಯಾನದ ಪಕ್ಕ ನಿಂತಿದ್ದ ರೇವಣಸಿದ್ದನ ಬಳಿಗೆ ಹೋದಳು. "ಏನೋ ತಪ್ಪಾಗೇದ ತಮ್ಮಾ. ನನ್ನ ಡಬ್ಬಿ ಒಂದ್ ದಿನಾನೂ ಕೆಂಪಾಗಿಲ್ಲ."

ಹುಡುಗನ ಮುಖ ಸಪ್ಪಗಾಯಿತು. "ಅಕ್ಕಾ, ಮೊದಲಿಗಿಂತ ಎಷ್ಟು ಇಳೀತು ಅಂತ ನೋಡ್ತಾರ. ನೀವು ಮೊದಲಿಂದನೂ ಬಳಸಿಲ್ಲ. ನಿಮ್ಮದ್ರಾಗ ಇಳಿಯಾಕ ಏನೂ ಇರಲಿಲ್ಲ."

"ಹಂಗಾರ ಮೊದಲು ಹಾಳು ಮಾಡಿದವರಿಗೆ ಬಹುಮಾನೇನು?"

ಅವನು ಕೊರಳ ಪಟ್ಟಿಯನ್ನು ತಿರುಚುತ್ತ ನಿಂತ. ಅವನನ್ನು ಬೈದು ಏನು ಪ್ರಯೋಜನ? ನಿಯಮ ಮಾಡಿದವನು ಅವನಲ್ಲ. ನಿಯಮ ಮಾಡಿದವರಿಗೆ, ಸಂಜೆ ಒಂದೇ ಬಲ್ಬು ಉರಿಸುವ ಮನೆಯೂ ಇರುತ್ತದೆಂದು ಹೊಳೆದಿರಲಿಲ್ಲ, ಅಷ್ಟೇ.

ವೇದಿಕೆಯಲ್ಲಿ ಸಾಹೇಬರು ಅನುಸೂಯಮ್ಮನ ಬಾಯಿಗೆ ಮೈಕು ಹಿಡಿದಿದ್ದರು. ಇಷ್ಟೊಂದು ಹೇಗೆ ಉಳಿಸಿದಿರಿ, ಎಲ್ಲರಿಗೂ ಹೇಳಿ ಎಂದರು.

"ವಾಸಿಂಗ್ ಮಿಸೀನು ಸಂಜೆ ಆನೇ ಮಾಡ್ಲಿಲ್ಲ ಸಾರ್. ಎಲ್ಡು ತಿಂಗ್ಳು ಮುಟ್ಲೇ ಇಲ್ಲ."

ಚಪ್ಪಾಳೆ ಬಿತ್ತು. ಮಲಕವ್ವನಿಗೆ ತಡೆಯಲಾಗಲಿಲ್ಲ. ನಿಂತಲ್ಲಿಂದಲೇ ಕೂಗಿದಳು: "ಸಾಹೇಬ್ರ! ಅಕ್ಕಾರ ಮಷೀನ್ ಬಂದ್ ಇತ್ತು, ಖರೆ. ಆ ಅರಿವಿ ಎಲ್ಲಾ ಒಗದಾಕಿ ನಾನು! ಕರೆಂಟ್ ಉಳಿದಿದ್ದು ಈ ಕೈಯಿಂದ!"

ಬ್ಯಾಂಡೇಜು ಸುತ್ತಿದ ಕೈ ಎತ್ತಿ ತೋರಿಸಿದಳು. ಅನುಸೂಯಮ್ಮ ಸೆರಗು ಸರಿಮಾಡಿಕೊಂಡರು. ಈಗ ಏನಾದರೂ ಆಗುತ್ತದೆ ಎಂದು ಮಲಕವ್ವ ಎತ್ತಿದ ಕೈ ಇಳಿಸದೆ ನಿಂತಳು.

ಸಾಹೇಬರ ಮುಖ ಅರಳಿತು. "ಸೂಪರ್! ನೋಡಿ, ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? ಮಷೀನ್ ಕೆಲಸಾನ ಕೈಗೆ ಶಿಫ್ಟ್ ಮಾಡಿದಾರೆ. ಒಂದು ಯೂನಿಟ್ಟೂ ಖರ್ಚಿಲ್ಲ! ಈ ಅಮ್ಮನಿಗೆ ಇನ್ನೂ ಜೋರಾಗಿ ಚಪ್ಪಾಳೆ!"

ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಜಗಳಕ್ಕೆ ಎದ್ದವಳಿಗೆ ಹೊಗಳಿಕೆ ಸುರಿದರೆ ಅವಳು ಯಾರ ಜೊತೆ ಜಗಳವಾಡಬೇಕು? ಕೈಗೆ ಸ್ಟೀಲ್ ಡಬ್ಬಿ ಬಂತು, ಪಕ್ಕಕ್ಕೆ ಸಾಹೇಬರು ಬಂದು ನಿಂತರು, ನಗಿ ಅಮ್ಮ ಎಂದ ಫೋಟೋದವನು. ಅವಳು ನಗಲಿಲ್ಲ, ಫೋಟೋ ಹೊಡೆದೇಬಿಟ್ಟ. ಮಷೀನು ಹೊರಲು ಬಂದಿದ್ದ ಸಂಗಣ್ಣನ ಗೆಳೆಯರು, ಬಂದದ್ದಾಯಿತಲ್ಲ ಎಂದು, ಅದನ್ನು ಅನುಸೂಯಮ್ಮನ ಮನೆಗೇ ಹೊತ್ತು ಹಾಕಿ ಕಾಫಿ ಕುಡಿದು ಹೋದರು.

ಅನುಸೂಯಮ್ಮನಿಗೆ ಸಿಟ್ಟೇನೂ ಬಂದಿರಲಿಲ್ಲ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಮರುದಿನ ಸಂಜೆ ಮಾಮೂಲಿನಂತೆ ಟಬ್ಬು ಹಿಡಿದು ಬಂದರು, ಮುಖದ ತುಂಬ ನಗು.

"ನಿಂಗೂ ಎಂಗೆ ಚಪ್ಪಾಳೆ ಒಡ್ದ್ರು ನೋಡವ್ವ! ಇನ್ನೊಂದು ಸುತ್ತು ಐತಂತೆ, ಈ ಸಲ ಫ್ರಿಜ್ಜಂತೆ. ಇಂಗೇ ಮುಂದುವರ್ಸ್ಕಂಡ್ ಓಗವ."

"ಅಕ್ಕಾರ, ಈಗ ನಿಮ್ಮಲ್ಲಿ ಎರಡು ಮಷೀನ್ ಅದಾವಲ್ರಿ."

"ಅಯ್ಯೋ, ಸಂಜೆ ಅವ್ನ ಆಕುದ್ರೆ ಕೆಂಪು ದೀಪ ಬತ್ತದಲ್ಲವ್ವ!"

ಮಲಕವ್ವ ಟಬ್ಬನ್ನು ಕಾಲಿನಿಂದ ಹೊಸಿಲಾಚೆಗೆ ಸರಿಸಿದಳು. "ಆರರಿಂದ ಹತ್ತರ ತನ ನನ್ನ ಕೈನೂ ಬಂದ್ ರಿ, ಅಕ್ಕಾರ."

ತಮಾಷೆ ಎಂದುಕೊಂಡು ಅನುಸೂಯಮ್ಮ ನಕ್ಕರು. ಅವಳು ನಗದಿದ್ದಾಗ ನಗು ನಿಂತಿತು. "ಅಂಗಾರೆ ಟೆರೇಸ್ ಬೀಗದ ಕೈ ಕೊಟ್ಬುಡು" ಎಂದರು. ಅವಳು ಮೊಳೆಯಿಂದ ಬೀಗದ ಕೈ ತೆಗೆದುಕೊಟ್ಟಳು. ಅವರು ಟಬ್ಬನ್ನು ತಾವೇ ಎತ್ತಿಕೊಂಡು ಮೆಟ್ಟಿಲು ಹತ್ತಿದರು.

"ಛಲೋ ಮಾಡಿದಿ" ಎಂದ ಒಳಗಿದ್ದ ಸಂಗಣ್ಣ.

"ಬಾಯಿಲೆ ಅನ್ನಬ್ಯಾಡ. ನಿನ್ನ ಪ್ಯಾಂಟ್ ನೆನದದ, ನಾಳಿಗಿ ಬೇಕು. ಹೋಗಿ ಹಿಂಡು."

ಅವನು ಎದ್ದು ಹೋಗಿ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಮೊಳಕಾಲ ತನಕ ಒದ್ದೆ ಮಾಡಿಕೊಂಡ, ಸೋಪನ್ನು ಎರಡು ಸಲ ಮೋರಿಗೆ ಬೀಳಿಸಿದ. ಹಿಂಡಿದ ಪ್ಯಾಂಟಿನಿಂದ ನೀರು ಸುರಿಯುತ್ತಲೇ ಇತ್ತು. ನೋಡಲಾರದೆ ಅವಳ ಕೈ ತುರಿಸಿತು. ಆದರೂ ಅವಳು ಏಳಲಿಲ್ಲ.

ಅಷ್ಟರಲ್ಲಿ ಮೇಲಿನಿಂದ ಸದ್ದು ಕೇಳಿಸಿತು. ದೀಪಶ್ರೀ ಹೊಸ ಮಷೀನನ್ನು ಶುರುಮಾಡಿದ್ದಳು. ಹಳೆಯದರ ಹಾಗೆ ಅದು ಗಡಗಡ ಅನ್ನುತ್ತಿರಲಿಲ್ಲ. ನೀರು ತುಂಬಿಕೊಂಡಿತು, ಮೆಲ್ಲಗೆ ಆ ಕಡೆ ತಿರುಗಿತು, ನಿಂತಿತು, ಈ ಕಡೆ ತಿರುಗಿತು. ಮಲಕವ್ವ ಬಾಗಿಲಲ್ಲಿ ಕೂತು, ನೋಯುವ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಅದು ಹಿಂಡಿ ಮುಗಿಸುವವರೆಗೂ ಕೇಳಿದಳು. ಮಾತಿನಲ್ಲಿ ಗೆದ್ದದ್ದು ಆ ಹೊತ್ತಿಗೆ ಅವಳಿಗೆ ಮರೆತೇಹೋಗಿತ್ತು. ಅವಳಿಗೆ ಆ ಮಷೀನು ಬೇಕಾಗಿತ್ತು.